ಗೌಸ್ ಸಾಹೇಬರ ಮಡಿ

2008ರ ಬಿಲ್ಲುಬೇಟೆಯ ಹಂಗಾಮು ಶುರುವಾದ ದಿನ ಬೆಳಿಗ್ಗೆ ಗೌಸ್ ಸಾಹೇಬರು ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಾಚೆಯ ಒಂದು ಓಕ್ ಮರದಲ್ಲಿ, ಯಾರೋ ಒಣಗಲು ಹಾಕಿ ಮರೆತುಹೋದ ಅಂಗಿಯ ಹಾಗೆ ನೇತಾಡುತ್ತಿದ್ದರು.

ಬೇಟೆಗಾರ ಕೂರಲೆಂದು ಮರದ ಕಾಂಡಕ್ಕೆ ಬಿಗಿದಿದ್ದ ಪುಟ್ಟ ಅಟ್ಟಣೆಯಿಂದ ಅವರ ಕಾಲು ಜಾರಿತ್ತು. ಜಾರಿದವರನ್ನು ಹಿಡಿಯಬೇಕಾದ ಪಟ್ಟಿ ಹಿಡಿದದ್ದೇನೋ ನಿಜ. ಆದರೆ ಅದನ್ನು ತೀರ ಸಡಿಲವಾಗಿ ಕಟ್ಟಿಕೊಂಡಿದ್ದರಿಂದ ಅದು ಕಂಕುಳವರೆಗೆ ಏರಿ, ಎರಡು ಕೈಗಳೂ ರೆಕ್ಕೆಗಳಂತೆ ಆಚೀಚೆ ಚಾಚಿಕೊಂಡಿದ್ದವು. ನೆಲ ಇನ್ನೂ ಒಂದಾಳು ಕೆಳಗಿತ್ತು. ಬಿಲ್ಲು ಮಾತ್ರ ಮೇಲೆ ಕೊಂಬೆಯಲ್ಲಿ ಸುಖವಾಗಿತ್ತು. ಸೋಯಾ ಹೊಲದ ಅಂಚಿನಲ್ಲಿ ಎಡಗಿವಿ ಹರಿದ ಒಂದು ಹೆಣ್ಣು ಜಿಂಕೆ ಎರಡು ಮರಿಗಳನ್ನು ಕಟ್ಟಿಕೊಂಡು ನಿಂತು ಈ ದೃಶ್ಯವನ್ನು ನೋಡುತ್ತಿತ್ತು. ಓಡುವಂಥ ಅಪಾಯವೇನೂ ಅದಕ್ಕೆ ಕಾಣಲಿಲ್ಲ. ಆಮೇಲೆ ಗಾಳಿ ತಿರುಗಿತು. ಜಿಂಕೆ ಮೂಗೆತ್ತಿತು, ಸೀನಿದ ಹಾಗೆ ಒಮ್ಮೆ ಉಸಿರು ಬಿಟ್ಟಿತು, ಬಿಳಿ ಬಾಲವನ್ನು ಬಾವುಟದಂತೆ ಎತ್ತಿ ಮರಿಗಳೊಂದಿಗೆ ಮಾಯವಾಯಿತು.

ಅಷ್ಟರಲ್ಲಿ ನಾಯಿಯನ್ನು ಹಿಡಿದು ವಾಕಿಂಗ್ ಹೊರಟಿದ್ದ ಒಬ್ಬ ಮಹಿಳೆ ಮರದ ಕೆಳಗೆ ನಿಂತರು. ಹೆಂಗಸರು ಮಾತಾಡಿಸಿದರೆ ಎದ್ದು ನಿಲ್ಲಬೇಕೆಂದು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಾಹೇಬರಿಗೆ ಕಲಿಸಿದ್ದರು. ಎದ್ದು ನಿಲ್ಲುವುದಕ್ಕೆ ನೆಲ ಬೇಕಲ್ಲ.

"ಆರ್ ಯು ಓಕೆ, ಸರ್?"

"ಯೆಸ್ ಮ್ಯಾಮ್. ಜಸ್ಟ್ ಹ್ಯಾಂಗಿಂಗ್," ಎಂದರು ಸಾಹೇಬರು.

ಅವರನ್ನು ಇಳಿಸಲು ಪಕ್ಕದ ಮನೆಯ ಜಯತೀರ್ಥರು ಏಣಿ ಹೊತ್ತುಕೊಂಡು ಬರಬೇಕಾಯಿತು. ಜಯತೀರ್ಥರು ಧಾರವಾಡದವರು, ಔಷಧ ಕಂಪನಿಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು.

"ಏನಪಾ ಗೌಸ್, ಜಿಂಕಿ ಹೊಡೀಲಿಕ್ಕೆ ಬಂದು ನೀನ ತೋರಣ ಆಗೀಯಲ್ಲೋ!" ಎನ್ನುತ್ತ ಏಣಿ ಚಾಚಿದರು. "ಪಟ್ಟಿ ಬಿಗಿದು ಕಟ್ಟಲಿಕ್ಕೆ ಏನಾಗಿತ್ತು ನಿನಗ?"

"ಉಸಿರು ಕಟ್ಟುತ್ತೆ ಕಣ್ರೀ."

"ಬಿದ್ದಿದ್ದರ ಪೂರಾ ನಿಂತಿರತಿತ್ತು."

ನೆಲಕ್ಕೆ ಇಳಿದ ಸಾಹೇಬರು ಮೊದಲು ಕೈಕಾಲು ನೋಡಿಕೊಳ್ಳಲಿಲ್ಲ, ತೊಟ್ಟಿದ್ದ ಜಾಕೆಟ್ಟಿನ ಕಾಲರನ್ನು ಮೂಗಿಗೆ ಹಿಡಿದು ನೋಡಿಕೊಂಡರು. ಜಯತೀರ್ಥರು ಅದನ್ನು ಕಂಡರು. ಏಣಿ ಮಡಿಸುವುದರಲ್ಲಿ ತುಂಬ ಮಗ್ನರಾದವರ ಹಾಗೆ ಬೇರೆ ಕಡೆ ತಿರುಗಿದರು.

ಗೌಸ್ ಸಾಹೇಬರಿಗೆ ಆಗ ಐವತ್ತೊಂದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವರ ತಂದೆಯದು ಅತ್ತರಿನ ಅಂಗಡಿ. ಅಂಗೈ ಅಗಲದ ಅಂಗಡಿಯಾದರೂ ಅದರ ವಾಸನೆ ಇಡೀ ಬೀದಿಗೆ. ಕಾನ್ವೆಂಟಿನಲ್ಲಿ ಹುಡುಗ ಹಾಜರಿ ಹೇಳಬೇಕಾಗಿರಲಿಲ್ಲ, ಬಾಗಿಲಲ್ಲಿ ಬಂದರೆ ಸಾಕು, ಸಿಸ್ಟರ್ ತಲೆಯೆತ್ತದೆ ಗುರುತು ಹಾಕುತ್ತಿದ್ದರಂತೆ. ತಂದೆ ಅಂಗಡಿಯನ್ನು ಮಗನಿಗೆ ಬಿಡಲಿಲ್ಲ, ಮೂಗನ್ನು ಬಿಟ್ಟುಹೋದರು. ಸೀಸೆಯ ಬಿರಟೆ ತೆಗೆಯುವ ಮುಂಚೆಯೇ ಇದು ಖಸ್, ಇದು ಕೇದಿಗೆ, ಇದು ಕೇದಿಗೆಯೆಂದು ಹೇಳಿ ಮಾರುವ ಮೋಸ ಎಂದು ಹೇಳಬಲ್ಲ ಮೂಗು. ಅದನ್ನು ಹೊತ್ತುಕೊಂಡು ಅಮೆರಿಕಕ್ಕೆ ಬಂದು, ಮ್ಯಾನ್ಹಟನ್ನಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಯಾವ ವಾಸನೆಯೂ ಇಲ್ಲದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ದಿನಾ ಮೆಟುಚೆನ್ನಿನಲ್ಲಿ ಕಾರು ನಿಲ್ಲಿಸಿ ರೈಲು ಹತ್ತುವುದು, ದಿನಾ ರೈಲು ಇಳಿದು ಕಾರು ಹುಡುಕುವುದು. ಹೀಗೆ ವರ್ಷಗಳು ಹೋದವು.

ಬೇಟೆ ಹತ್ತಿಕೊಂಡದ್ದು ಮೆಂತ್ಯದ ದೆಸೆಯಿಂದ. ಹೆಂಡತಿ ಮೆಹವಿಶ್ ಹಿತ್ತಲಲ್ಲಿ ಬೆಳೆದ ಮೆಂತ್ಯ, ಪುದೀನ, ಅವರೆ ಎಲ್ಲವನ್ನೂ ಜಿಂಕೆಗಳು ಬೆಳಗಿನ ತಿಂಡಿಗೆ ಬಂದು ಮುಗಿಸುತ್ತಿದ್ದವು. ಅವರು ಜೋಳ ಕೊಳ್ಳಲು ಹೋಗುತ್ತಿದ್ದ ಹೊಲದ ಮುದುಕ ಕೊವಾಲ್ಸ್ಕಿಗೂ ಅದೇ ಕಷ್ಟ. "ಗಸ್," ಎಂದ ಕೊವಾಲ್ಸ್ಕಿ. ಗೌಸ್ ಎಂಬುದು ಆತನ ಬಾಯಲ್ಲಿ ಗಸ್ ಆಗಿತ್ತು. "ನನ್ನ ಭುಜ ಹೋಗಿದೆ. ನಿನಗೆ ಬಿಲ್ಲು ಕಲಿಸುತ್ತೇನೆ, ನನ್ನ ಹೊಲದಂಚಿನ ಕಾಡಿನಲ್ಲಿ ಕೂತು ಹೊಡೆ." ಮುದುಕ ಎರಡು ಬೇಸಿಗೆ ಹುಲ್ಲಿನ ಕಂತೆಗೆ ಬಾಣ ಬಿಡಿಸಿ ಕಲಿಸಿದ.

ಮೊದಲ ವರ್ಷ ಏನೂ ಸಿಗಲಿಲ್ಲ. ಬಾಣ ಬಿಡುವಾಗ ಬಿಸ್ಮಿಲ್ಲಾ ಹೇಳಿದರೆ ತಾನೇ ಮಾಂಸ ಹಲಾಲ್? ಸಾಹೇಬರು ಅದನ್ನು ಮಸೀದಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಜಿಂಕೆಗಳು ಪಕ್ಕದ ತಾಲ್ಲೂಕಿಗೆ ಹೋಗಿ ನಿಲ್ಲುತ್ತಿದ್ದವು. ಕೊನೆಗೆ ಮೆಹವಿಶ್ ಹೇಳಿದಳು: "ಅಲ್ಲಾಹನಿಗೆ ಮನಸ್ಸಿನಲ್ಲಿ ಹೇಳಿದ್ರೂ ಕೇಳುತ್ತೆ ರೀ. ದೊಡ್ಡ ಕಿವಿ ಇರೋದು ಜಿಂಕೆಗೆ. ಮೆತ್ತಗೆ ಹೇಳಿ." ಮುಂದಿನ ವರ್ಷ ತುಟಿ ಮಾತ್ರ ಅಲ್ಲಾಡಿಸಿ ಹೇಳಿದರು. ಬಾಣ ನೆಟ್ಟಿತು.

ಆ ಸಂಜೆ ಸಾಹೇಬರು ಊಟ ಮಾಡಲಿಲ್ಲ. ಗ್ಯಾರೇಜಿನಲ್ಲಿ ಜಿಂಕೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಣಸೂರಿನ ಹೆಣ್ಣುಮಗಳು ಮೆಹವಿಶ್‌ಗೆ ಮಾತಿಗೆ ಬರವಿರಲಿಲ್ಲ.

"ಅಳೋದಾದ್ರೆ ಯಾಕೆ ಹೊಡೆದ್ರಿ? ಹೊಡೆಯೋದಾದ್ರೆ ಯಾಕೆ ಅಳ್ತೀರಿ?"

"ಎರಡೂ ಒಂದೇ ಸೀಸನ್ನಿಂದು," ಎಂದರು ಸಾಹೇಬರು. ಅದು ಪ್ರತಿ ವರ್ಷವೂ ಹಾಗೆಯೇ ಆಯಿತು. ಸೆಪ್ಟೆಂಬರ್ ಬಂದರೆ ಕೈ ತುರಿಸುವುದು, ಹೊಡೆದ ದಿನ ಅನ್ನ ಇಳಿಯದೆ ಹೋಗುವುದು, ಮಾರನೆಯ ದಿನ ಹುಣಸೂರಿನಿಂದ ತಂದ ರುಬ್ಬುಕಲ್ಲಿನಲ್ಲಿ ಮೆಹವಿಶ್ ಮಾಂಸವನ್ನೂ ಕಡಲೆಬೇಳೆಯನ್ನೂ ಅರೆದು ಮಾಡಿದ ಶಾಮಿ ಕಬಾಬನ್ನು ಎಲ್ಲರಿಗಿಂತ ಹೆಚ್ಚು ತಿನ್ನುವುದು.

ಆದರೆ ಬಿಲ್ಲುಬೇಟೆಯ ಅರ್ಧ ಕಷ್ಟ ಬಿಲ್ಲಿನಲ್ಲಿಲ್ಲ, ಬಟ್ಟೆಯಲ್ಲಿದೆ. ಬಂದೂಕಿನವನು ದೂರದಿಂದ ಹೊಡೆಯುತ್ತಾನೆ, ಅವನು ಹೇಗಿದ್ದರೂ ನಡೆಯುತ್ತದೆ. ಬಿಲ್ಲಿನವನು ಜಿಂಕೆ ಹತ್ತಾರು ಹೆಜ್ಜೆಗೆ ಬರುವವರೆಗೆ ಕಾಯಬೇಕು, ಅದು ಬರಬೇಕಾದರೆ ಅವನಿಗೆ ಮನುಷ್ಯವಾಸನೆಯೇ ಇರಬಾರದು. ಅತ್ತರಿನ ಸಾಬರ ಮಗ ವಾಸನೆ ಕಳೆದುಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇಟೆಗೆ ಮೂರು ದಿನ ಮುಂಚಿನಿಂದ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಮೆಹವಿಶ್ ಬೇಟೆಬಟ್ಟೆಗಳನ್ನು ಬೇರೆಯಾಗಿ ಸೋಡಾಪುಡಿಯಲ್ಲಿ ಒಗೆದು, ಹಿತ್ತಲ ಗಾಳಿಗೆ ಹರವಿ, ಕೈ ತಾಗದಂತೆ ಕೋಲಿನಿಂದ ಎತ್ತಿ, ಓಕ್ ಎಲೆಗಳನ್ನು ಹಾಸಿದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುತ್ತಿದ್ದಳು. ಡಬ್ಬವನ್ನು ತೆರೆದರೆ ಮಳೆ ಬಿದ್ದ ಮಣ್ಣಿನ ವಾಸನೆ. "ನಮ್ಮ ಅಬ್ಬಾಜಾನ್ ಇದನ್ನೇ ಮಿಟ್ಟಿ ಅತ್ತರ್ ಅಂತ ಮದುವೆ ಗಂಡುಗಳಿಗೆ ಮಾರ್ತಿದ್ರು," ಎಂದು ಸಾಹೇಬರು ನಗುತ್ತಿದ್ದರು.

ಬೇಲಿಯಾಚೆಯಿಂದ ಕೋಲಿನ ಮೇಲೆ ಸವಾರಿ ಹೊರಟ ಜಾಕೆಟ್ಟನ್ನು ಮೊದಲ ಸಲ ನೋಡಿದಾಗ ಜಯತೀರ್ಥರಿಗೆ ನಗು ತಡೆಯಲಾಗಲಿಲ್ಲ.

"ಏನ್ ವೈನೀ ಇದು! ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಒಗೆದ ಅರಿವಿ ಯಾರೂ ಮುಟ್ಟೋಹಂಗಿಲ್ಲ, ಕೋಲ್ಲೆ ತಗೀಬೇಕು! ನಮ್ಮ ಅಜ್ಜಿ ಮಡಿನೂ ಇಷ್ಟು ಕಡಕ್ ಇದ್ದಿದ್ದಿಲ್ಲ. ಗೌಸ್, ನೀ ಜಿಂಕಿ ಹೊಡೀಲಿಕ್ಕೆ ಹೊಂಟೀಯೋ, ನೈವೇದ್ಯ ಮಾಡಲಿಕ್ಕೋ?"

ಅಂದಿನಿಂದ ಎರಡು ಮನೆಗಳಲ್ಲೂ ಆ ಜಾಕೆಟ್ಟಿನ ಹೆಸರು 'ಮಡಿ' ಎಂದೇ ಆಯಿತು. ಜಯತೀರ್ಥರು ಇನ್ನೊಂದು ಕೆಲಸವನ್ನೂ ಮೈಮೇಲೆ ಹಾಕಿಕೊಂಡರು. ಜಿಂಕೆ ಬಿದ್ದ ದಿನ ಅದನ್ನು ಕಾಡಿನಿಂದ ರಸ್ತೆಗೆ ಎಳೆಯಲು ಒಬ್ಬರು ಸಾಲುತ್ತಿರಲಿಲ್ಲ. "ತಿನ್ನೋದು ನಿನ್ನ ಪಾಲಿಂದು, ಎಳೆಯೋದು ನನ್ನ ಪಾಲಿಂದು. ಹೆಗಲ ಕೊಟ್ಟರ ಜಾತಿ ಹೋಗೂದಿಲ್ಲ," ಎನ್ನುತ್ತ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದರು.

ಮೆಹವಿಶ್‌ಗೆ ಕಾಯಿಲೆ ಎಂದು ತಿಳಿದದ್ದು 2007ರ ಮಳೆಗಾಲದ ಹೊತ್ತಿಗೆ. ನ್ಯೂಜೆರ್ಸಿಯಲ್ಲಿ ಮಳೆಗಾಲವೆಂಬುದಿಲ್ಲ, ಊರಿನ ಲೆಕ್ಕ ಅದು. ಆ ವರ್ಷ ಸಾಹೇಬರು ಬಿಲ್ಲು ಮುಟ್ಟಲಿಲ್ಲ. ಔಷಧಿ ಹಾಕಿಸಿಕೊಂಡು ಬಂದ ಹೆಂಡತಿಗೆ ಚಳಿ ತಡೆಯುತ್ತಿರಲಿಲ್ಲ. ಮನೆಯಲ್ಲಿದ್ದ ಕೋಟು, ಶಾಲು, ಕಂಬಳಿ ಯಾವುದೂ ಸಾಲದೆ ಒಂದು ದಿನ ಅವಳೇ ಗ್ಯಾರೇಜಿಗೆ ಹೋಗಿ ಡಬ್ಬ ತೆರೆದು ಮಡಿ ಜಾಕೆಟ್ಟನ್ನು ತೊಟ್ಟುಕೊಂಡು ಬಂದಳು. ಎಲೆ, ತೊಗಟೆ, ಕೊಂಬೆಗಳ ಚಿತ್ತಾರದ ಆ ದೊಗಳೆ ಜಾಕೆಟ್ಟಿನೊಳಗೆ ಅವಳು ಒಂದು ಸಣ್ಣ ಮರದ ಹಾಗಿದ್ದಳು.

"ಇದು ಹಾಕ್ಕೊಂಡ್ರೆ ಯಾರಿಗೂ ಕಾಣಲ್ವಂತಲ್ಲ ರೀ? ಇವತ್ತು ಡಾಕ್ಟ್ರಿಗೆ ಕಾಣದ ಹಾಗೆ ಕೂತ್ಕೋತೀನಿ."

"ಮಡಿ ಕೆಟ್ಟೋಯ್ತಲ್ಲೇ."

"ಒಗೆಯೋಳು ನಾನೇ ತಾನೆ?"

ಆ ಚಳಿಗಾಲವೆಲ್ಲ ಅದನ್ನೇ ತೊಟ್ಟಳು. ತಲೆನೋವಿಗೆ ಹಣೆಗೂ ಕತ್ತಿಗೂ ಅಮೃತಾಂಜನ ತಿಕ್ಕಿಕೊಂಡು ಕಾಲರನ್ನು ಕಿವಿಯವರೆಗೆ ಏರಿಸಿ ಮಲಗುತ್ತಿದ್ದಳು. ಏಪ್ರಿಲ್‌ನಲ್ಲಿ, ಚೆರ್ರಿ ಮರಗಳು ಹೂ ಬಿಟ್ಟಿದ್ದಾಗ, ಹೋದಳು. ಅವಳನ್ನು ಹೊತ್ತ ಹೆಗಲುಗಳಲ್ಲಿ ಜಯತೀರ್ಥರದೂ ಒಂದಿತ್ತು.

ಸೆಪ್ಟೆಂಬರ್‌ನಲ್ಲಿ ಬ್ಯಾಂಕು ಬಿದ್ದಿತು. ಸಾಹೇಬರು ಮರದಿಂದ ಬೀಳುವುದಕ್ಕೆ ಕೆಲವೇ ವಾರ ಮುಂಚೆ. ಇವರಿಗೆ ಸಡಿಲವಾದರೂ ಒಂದು ಪಟ್ಟಿ ಇತ್ತು, ಬ್ಯಾಂಕಿಗೆ ಅದೂ ಇರಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕಾಫಿ ಮಗ್ಗು, ಮಗಳ ಫೋಟೋ ಹಾಕಿಕೊಂಡು ಮೆಟುಚೆನ್ನಿನಲ್ಲಿ ಇಳಿದವರು ಆಮೇಲೆ ರೈಲು ಹತ್ತಲಿಲ್ಲ. ಅಂಚೆಯಲ್ಲಿ ಬರುವ ಬಿಲ್ಲುಗಳ ಕಾಟಕ್ಕೆ ಗೌಸ್ ಸಾಹೇಬರು ಹೆಗಲಿಗೆ ಬಿಲ್ಲು ಏರಿಸಿದ್ದಾರೆ, ಬೇಟೆಯಾಡಿಯೇ ಹೊಟ್ಟೆ ಹೊರೆಯುತ್ತಿದ್ದಾರೆ ಎಂದು ಪ್ಲೇನ್ಸ್‌ಬರೋದವರೆಗೆ ಸುದ್ದಿ ಹೋಯಿತು. ಯಾರೋ ಬಾಗಿಲ ಮುಂದೆ ಬಿರಿಯಾನಿಯ ಟ್ರೇ ಇಟ್ಟುಹೋದರು. ಬದುಕಿನಲ್ಲಿ ಉಳಿದಿದ್ದದ್ದು ಬೇಟೆ, ಬೇಟಿ ಎರಡೇ ಎಂಬುದು ಮಾತ್ರ ನಿಜ.

ಬೇಟಿ ತಹ್ರೀಮ್‌ಗೆ ಹತ್ತೊಂಬತ್ತು. ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಕಾಲೇಜು. ಸಾಹೇಬರು ಮರದಿಂದ ನೇತಾಡಿದ ವಾರದ ಕೊನೆಗೆ ಮನೆಗೆ ಬಂದವಳು ಅಡುಗೆಮನೆಯಲ್ಲಿ ರುಬ್ಬುಕಲ್ಲನ್ನು ತೊಳೆದು, ಅದರ ಮುಂದೆ ಕಾಲು ಮಡಿಸಿ ಕೂತಿದ್ದಳು.

"ಅಬ್ಬಾ, ಏಪ್ರಿಲ್‌ನಲ್ಲಿ ಅಮ್ಮಿ ವರ್ಷದ ಫಾತಿಹಾಗೆ ಐ ವಾಂಟ್ ಟು ಮೇಕ್ ಹರ್ ಕಬಾಬ್ಸ್. ದ ರಿಯಲ್ ಒನ್ಸ್."

"ಒಳ್ಳೇ ಮಟನ್ ತರ್ತೀನಿ ಬೇಟಿ. ಏನಂತೆ?"

"ಮಟನ್ ಟ್ರೈ ಮಾಡ್ದೆ. ಥ್ರೀ ಟೈಮ್ಸ್. ಇಟ್ಸ್ ಜಸ್ಟ್ ಮಟನ್, ಅಬ್ಬಾ." ಅವಳು ಗುಂಡುಕಲ್ಲನ್ನು ಸುಮ್ಮನೆ ಉರುಳಿಸಿದಳು. "ಐ ಆಮ್ ಫರ್ಗೆಟಿಂಗ್ ಹೌ ಇಟ್ ಟೇಸ್ಟೆಡ್. ಒನ್ ಡಿಯರ್. ಪ್ಲೀಸ್."

ಕೊವಾಲ್ಸ್ಕಿಯ ಫ್ರೀಜರಿನಿಂದ ತರೋಣವೆಂದರೆ ಅದು ಬೇರೆ ಬೇಟೆಗಾರರು ಕೊಟ್ಟ, ಬಿಸ್ಮಿಲ್ಲಾ ಇಲ್ಲದ ಮಾಂಸ. ತಾನೇ ಹೊಡೆಯಬೇಕು. ಹಂಗಾಮು ಫೆಬ್ರವರಿಯವರೆಗೆ ಇದೆ. "ಇನ್ಶಾಅಲ್ಲಾ," ಎಂದರು ಸಾಹೇಬರು, ಹೊಡೆದೇ ತೀರುವವರ ಧ್ವನಿಯಲ್ಲಿ.

ಹೊಡೆಯಬೇಕಾದರೆ ಜಾಕೆಟ್ಟನ್ನು ಒಗೆಯಬೇಕಿತ್ತು. ಅದೊಂದು ಅವರ ಕೈಲಾಗಲಿಲ್ಲ.

ಏಪ್ರಿಲ್‌ನಿಂದ ಅದನ್ನು ಅವರು ಡಬ್ಬದಲ್ಲಿ ಮುಚ್ಚಿಟ್ಟಿದ್ದರು. ಮೂಸಿದರೆ ಮೇಲೆ ಅಮೃತಾಂಜನ. ಅದರ ಕೆಳಗೆ ಕೊಬ್ಬರಿ ಎಣ್ಣೆ. ಅದರ ಕೆಳಗೆ, ಅತ್ತರಿನ ಸಾಬರ ಮಗನಿಗೆ ಮಾತ್ರ ಸಿಗುವಷ್ಟು ತೆಳುವಾಗಿ, ಕಾಲರಿನ ಒಳಮಡಿಕೆಯಲ್ಲಿ, ಯಾವ ಸೀಸೆಯ ಮೇಲೂ ಹೆಸರು ಬರೆದಿರದ ಒಂದು ವಾಸನೆ. ಮನೆಯಲ್ಲಿ ಅದು ಸಿಗುತ್ತಿರಲಿಲ್ಲ. ಒಗ್ಗರಣೆ, ಹೀಟರಿನ ಧೂಳು, ಮಗಳ ಶಾಂಪೂ ಎಲ್ಲ ಬಂದು ಅದರ ಮೇಲೆ ಕೂರುತ್ತಿದ್ದವು. ಕಾಡಿನಲ್ಲಿ, ಮರದ ಮೇಲೆ, ಬೆಳಗಿನ ತಣ್ಣನೆಯ ಗಾಳಿಯಲ್ಲಿ ಕೂತರೆ ಮಾತ್ರ ಅವಳು ಪಕ್ಕದಲ್ಲಿ ಬಂದು ಕೂತಷ್ಟು ಸ್ಪಷ್ಟ. ಪಟ್ಟಿ ಬಿಗಿದರೆ ಹೆಗಲ ಹತ್ತಿರ ಉಜ್ಜಿ ಅದು ಹೋಗಿಬಿಟ್ಟೀತೆಂದು ಸಡಿಲವಾಗಿ ಕಟ್ಟಿಕೊಂಡದ್ದು. ಇದನ್ನು ಜಯತೀರ್ಥರಿಗೆ ಹೇಳುವುದು ಹೇಗೆ?

ಬೇರೆ ಜಾಕೆಟ್ ಇರಲಿಲ್ಲವೇ? ಇತ್ತು. ಗ್ಯಾರೇಜಿನಲ್ಲಿ ಹಳೆಯದೊಂದು ತೂಗುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ತೊಟ್ಟು ಹೊರಟವರು ರೂಟ್ ಒನ್ ಹೆದ್ದಾರಿ ದಾಟುವ ಮೊದಲೇ ವಾಪಸು ಬಂದು ಬದಲಿಸಿಕೊಂಡರು. ಚಳಿ ಜಾಸ್ತಿ ಎಂದು ತಮಗೆ ತಾವೇ ಸುಳ್ಳು ಹೇಳಿದರು.

ಹೀಗೆ ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಸಾಹೇಬರು ಬೆಳಗಾದರೆ ಕಾಡಿಗೆ ಹೋಗಿ ಕೂರುವರು. ಹರಿದ ಕಿವಿಯ ಜಿಂಕೆ ಮರಿಗಳೊಂದಿಗೆ ಹೊಲದಂಚಿಗೆ ಬರುವುದು, ದೂರದಿಂದಲೇ ಮೂಗೆತ್ತುವುದು, ಫೂ ಎಂದು ಬಾಲವೆತ್ತಿ ಓಡುವುದು. ಓಡಿದ ಕೂಡಲೆ ಸಾಹೇಬರಿಗೆ ಎದೆಯಿಂದ ಭಾರ ಇಳಿದ ಹಾಗಾಗುತ್ತಿತ್ತು. ಅದರ ಹಿಂದೆಯೇ ರುಬ್ಬುಕಲ್ಲಿನ ಮುಂದೆ ಕೂತ ಮಗಳು ನೆನಪಾಗಿ ಭಾರ ಮತ್ತೆ ಏರುತ್ತಿತ್ತು. ನಾನು ಬೇಟೆಗೆ ಬಂದಿದ್ದೇನೋ, ಜಿಂಕೆಗಳನ್ನು ಬೇಟೆಗಾರರಿಂದ ಕಾಯಲು ಬಂದಿದ್ದೇನೋ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಭಾನುವಾರ ತಹ್ರೀಮ್ ಫೋನ್ ಮಾಡಿ ಕೇಳುವಳು: "ಎನಿ ಲಕ್, ಅಬ್ಬಾ?"

"ಹತ್ತಿರ ಬರ್ತಾನೇ ಇಲ್ಲ ಬೇಟಿ."

"ದಟ್ಸ್ ಸೋ ವಿಯರ್ಡ್. ಅಮ್ಮಿ ಇದ್ದಾಗ ಪ್ರತಿ ವರ್ಷ ಬರ್ತಿತ್ತಲ್ಲ."

ನವೆಂಬರಿನ ಕೊನೆಯಲ್ಲಿ ಒಂದು ದಿನ ಅವರ ಕಾರು ಕೈಕೊಟ್ಟು ಜಯತೀರ್ಥರೇ ಕಾಡಿನಂಚಿಗೆ ಬಂದು ಕರೆದೊಯ್ದರು. ಬಾಗಿಲು ಹಾಕಿಕೊಳ್ಳುತ್ತಲೇ ಜಯತೀರ್ಥರ ಮೂಗು ಅರಳಿತು.

"ಅಮೃತಾಂಜನ ವಾಸನಿ. ತಲಿ ನೋಯ್ಲಿಕ್ಕೆ ಹತ್ತೇದೇನೋ?"

"ಹೂಂ."

"ಅಲ್ಲೋ, ಇಷ್ಟು ವಾಸನಿ ಇಟಗೊಂಡು ಮರಾ ಏರಿ ಕೂತರ ಜಿಂಕಿ ಅಲ್ಲ, ಅಳಿಲೂ ಬರೂದಿಲ್ಲ. ಇದೇನೋ ನಿನ್ನ ಮಡಿ?" ಎಂದು ನಗಲು ಹೊರಟವರು ಅರ್ಧಕ್ಕೇ ನಿಂತರು. ಜಾಕೆಟ್ಟನ್ನು ಒಮ್ಮೆ ನೋಡಿದರು. ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಆ ಜಾಕೆಟ್ಟಿನೊಳಗಿನಿಂದ "ಜಯತೀರ್ಥಣ್ಣ, ನಾನು ಕಾಣ್ತಿದೀನಾ?" ಎಂದು ಮೆಹವಿಶ್ ಕೇಳಿದ್ದು ಅವರನ್ನೇ. ಕಾರಿನ ಕಿಟಕಿ ನಾಲ್ಕು ಬೆರಳು ಇಳಿದಿತ್ತು. ಜಯತೀರ್ಥರು ಗಾಜನ್ನು ಪೂರ್ತಿ ಏರಿಸಿಬಿಟ್ಟರು. ಮನೆಯವರೆಗೂ ಇಳಿಸಲಿಲ್ಲ.

ಜನವರಿಯಲ್ಲಿ ವಾಸನೆ ಇಳಿಯತೊಡಗಿತು. ಮೊದಲು ಎಣ್ಣೆ ಹೋಯಿತು. ಆಮೇಲೆ ಅಮೃತಾಂಜನ ಬರಿಯ ನೆನಪಿನ ಹಾಗಾಯಿತು. ಇಂಡಿಯನ್ ಅಂಗಡಿಗೆ ತೊಗರಿಬೇಳೆ ತರಲು ಹೋದ ಸಾಹೇಬರು ಕಪಾಟಿನಿಂದ ಆ ಹಳದಿ ಮುಲಾಮಿನ ಸಣ್ಣ ಸೀಸೆ ತೆಗೆದು, ಮುಚ್ಚಳ ತಿರುಗಿಸಿ ಮೂಸಿದರು. ಅದೇ. ಆದರೆ ಅದು ಅಂಗಡಿಯ ವಾಸನೆ, ಯಾರ ಹಣೆಗೂ ತಾಗದ್ದು. ಎರಡು ಹನಿ ಹಚ್ಚಿ ಹಳೆಯದನ್ನು ಹೊಸದೆಂದು ಮಾರುವ ವಿದ್ಯೆಯನ್ನು ಅವರ ತಂದೆ ಕಲಿಸಿರಲಿಲ್ಲ. ಸೀಸೆಯನ್ನು ಇದ್ದಲ್ಲೇ ಇಟ್ಟರು. ಹುಡುಗ ಕೌಂಟರಿನಿಂದ, "ಅಂಕಲ್, ಓಪನ್ ಮಾಡಿದ್ರೆ ತಗೋಬೇಕು," ಎಂದ. ತಗೊಂಡರು. ಮನೆಗೆ ಬಂದು ಔಷಧಿ ಕಪಾಟಿನಲ್ಲಿಟ್ಟು ಮರೆತರು.

ಇನ್ನೊಂದು ಸಂಗತಿ ನಡೆದಿತ್ತು, ಅದರ ಅರ್ಥ ಸಾಹೇಬರಿಗೆ ತಿಳಿದಿರಲಿಲ್ಲ. ಜಿಂಕೆ ಮೊದಲು ಹೊಲದಾಚೆಯಿಂದ ಓಡುತ್ತಿದ್ದದ್ದು ಡಿಸೆಂಬರಿನಲ್ಲಿ ಹೊಲದ ಮಧ್ಯದವರೆಗೆ ಬಂದು ಓಡತೊಡಗಿತ್ತು. ಜನವರಿಯಲ್ಲಿ ಕಾಡಿನ ಅಂಚಿಗೆ ಬಂದು, ನಿಂತು, ಮೂಸಿ, ನಿಧಾನವಾಗಿ ಹೊರಟುಹೋಗುತ್ತಿತ್ತು. ವಾಸನೆ ಇಳಿದದ್ದರಿಂದ ಎಂದುಕೊಂಡರು ಅವರು.

ಫೆಬ್ರವರಿ ಬಂತು. ಹಂಗಾಮು ಮುಗಿಯುವ ವಾರ ತಹ್ರೀಮ್ ಫೋನಿನಲ್ಲಿ ಈ ಸಲ ಲಕ್ಕಿನ ಬಗ್ಗೆ ಕೇಳಲಿಲ್ಲ. "ಇಟ್ಸ್ ಓಕೆ, ಅಬ್ಬಾ. ಚಿಕನ್ ಮಾಡ್ತೀನಿ," ಎಂದಳು. ಅಷ್ಟು ಮೆಲ್ಲಗೆ ಹೇಳಿದಳು, ತಾಯಿ ಬಿಸ್ಮಿಲ್ಲಾ ಹೇಳಲು ಕಲಿಸಿದ ಹಾಗೆ.

ಮಾರನೆಯ ಬೆಳಿಗ್ಗೆ ಹಿಮ ಬಿದ್ದಿತ್ತು. ಸಾಹೇಬರು ಮರ ಹತ್ತಿ ಕೂತರು. ಗಾಳಿ ಅವರ ಬೆನ್ನಿಂದ ಹೊಲದ ಕಡೆಗೆ ಬೀಸುತ್ತಿತ್ತು. ಅಂದರೆ ಅವರ ಮೈಯ ವಾಸನೆಯನ್ನು ನೇರವಾಗಿ ಜಿಂಕೆಯ ಮೂಗಿಗೆ ತಲುಪಿಸುವ ಗಾಳಿ. ಯಾವ ಬೇಟೆಗಾರನೂ ಅಂಥ ಗಾಳಿಯಲ್ಲಿ ಕೂರುವುದಿಲ್ಲ. ಇವತ್ತೂ ಬರುವುದಿಲ್ಲ ಎಂದುಕೊಂಡು ಅವರು ಕಾಲರಿನಲ್ಲಿ ಮೂಗಿಟ್ಟರು.

ಹರಿದ ಕಿವಿಯದು ಬಂತು. ಎರಡು ಮರಿಗಳಲ್ಲಿ ಒಂದೇ ಉಳಿದಿತ್ತು, ಅದೂ ತಾಯಿಯೆತ್ತರಕ್ಕೆ ಬೆಳೆದಿತ್ತು. ಹೊಲ ದಾಟಿತು. ಕಾಡಿನಂಚು ದಾಟಿತು. ಮೂಗೆತ್ತಿ ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡಿತು. ಸಾಹೇಬರು ಬಾಲ ಏಳುವುದನ್ನೇ ಕಾದರು. ಬಾಲ ಏಳಲಿಲ್ಲ. ಜಿಂಕೆ ತಲೆ ತಗ್ಗಿಸಿ, ಪರಿಚಯದ ಮನೆಯ ಅಂಗಳಕ್ಕೆ ಬಂದ ಹಾಗೆ ಬಂದು, ಮರದ ಬುಡದಲ್ಲಿ ಹಿಮ ಕೆದರಿ ಓಕ್ ಕಾಯಿ ಮೇಯತೊಡಗಿತು.

ಆಗ ಅವರಿಗೆ ಹೊಳೆಯಿತು. ವಾಸನೆ ಹೋಗಿರಲಿಲ್ಲ. ಜಿಂಕೆಯ ಮೂಗು ಅತ್ತರಿನ ಸಾಬರ ಮಗನ ಮೂಗಿಗಿಂತ ಸಾವಿರ ಪಾಲು ಮೇಲು, ಅದಕ್ಕೆ ಮೆಹವಿಶ್ ಇಂದಿಗೂ ಇಡಿಯಾಗಿ ಸಿಗುತ್ತಿದ್ದಳು. ಇಷ್ಟು ದಿನ ಈ ವಾಸನೆ ಮರದ ಮೇಲೆ ಬಂದು ಕೂತಿದೆ, ಯಾರಿಗೂ ಏನೂ ಮಾಡಿಲ್ಲ. ಈ ವಾಸನೆಯಿಂದ ಕೇಡಿಲ್ಲ ಎಂದು ಅದು ಕಲಿತುಕೊಂಡಿತ್ತು. ಕಲಿಸಿದವರು ಅವರೇ.

ಕೈ ಬಿಲ್ಲಿನ ಮೇಲಿತ್ತು. ಈಗ ಹೊಡೆದರೆ ಅವಳನ್ನು ನಂಬಿ ಬಂದದ್ದನ್ನು ಹೊಡೆದ ಹಾಗೆ. ಬಿಟ್ಟರೆ, ಅವಳ ಮಗಳು ತಾಯಿಯ ಕೈರುಚಿಯನ್ನು ಮರೆಯುತ್ತಾಳೆ. ಇಟ್ಸ್ ಓಕೆ ಅಬ್ಬಾ ಎಂದವಳು ಅವಳು. ಸಾಹೇಬರು ಹೀಗೆ ಎಷ್ಟು ಹೊತ್ತು ಕೂತಿದ್ದರೋ. ಜಿಂಕೆ ಒಂದು ಸಲ ತಲೆಯೆತ್ತಿ ಅವರ ಕಡೆಗೇ ನೋಡಿತು. ನೋಡಿ ಮತ್ತೆ ಮೇಯಿತು.

ಅವರು ಬಿಲ್ಲನ್ನೆಳೆದರು. ತುಟಿ ಅಲ್ಲಾಡಿತು. ದೊಡ್ಡ ಕಿವಿಗೂ ಕೇಳಿಸದಷ್ಟು ಮೆತ್ತಗೆ.

ಅದು ದೂರ ಓಡಲಿಲ್ಲ. ಹೊಲದ ಕಾಲುವೆಯ ಆಚೆ ಬಿತ್ತು. ಸಾಹೇಬರ ಚಾಕು ಬೇಕಾದಷ್ಟು ಮಾತ್ರ ಜೀವ ಉಳಿದಿತ್ತು. ಅವರು ಅದರ ಕಣ್ಣಿನ ಮೇಲೆ ಅಂಗೈ ಇಟ್ಟು ಆ ಕೆಲಸವನ್ನೂ ಮುಗಿಸಿದರು. ಬೆಳೆದ ಮರಿ ಹೊಲದ ನಡುವೆ ನಿಂತಿತ್ತು. ಮೂಗೆತ್ತಿತು. ಫೂ ಎಂದಿತು. ಬಿಳಿ ಬಾಲ ಹಿಮದಲ್ಲಿ ಬೇಗನೆ ಕರಗಿಹೋಯಿತು.

ಜಯತೀರ್ಥರು ಹಗ್ಗ ಹಿಡಿದು ಬರುವ ಹೊತ್ತಿಗೆ ಸಾಹೇಬರು ಜಿಂಕೆಯನ್ನು ಎರಡು ತೋಳುಗಳಲ್ಲಿ ಎದೆಗೆ ಆನಿಸಿಕೊಂಡು ಕಾಲುವೆ ದಾಟಿಸಿದ್ದರು. ಅದರ ಕತ್ತು ಅವರ ಕಾಲರಿಗೆ ಒರಗಿತ್ತು. ಎದೆ, ತೋಳು, ಕಾಲರು ಎಲ್ಲ ನೆತ್ತರು.

"ಹಗ್ಗ ತಂದೇನಲ್ಲೋ. ಹೊತಗೊಂಡು ಯಾಕ ಬಂದಿ?" ಎಂದರು ಜಯತೀರ್ಥರು. ಆಮೇಲೆ ಕಾಲರನ್ನು ನೋಡಿದರು. "ಗೌಸ್. ಮಡಿ..."

"ಕೆಟ್ಟೋಯ್ತು," ಎಂದರು ಸಾಹೇಬರು.

ಇಬ್ಬರೂ ಹಗ್ಗದ ಎರಡು ತುದಿ ಹಿಡಿದರು. ಆ ದಿನ ರಸ್ತೆಯವರೆಗೂ ಯಾರೂ ಜೋಕು ಮಾಡಲಿಲ್ಲ.

ನೆತ್ತರಿನ ಬಟ್ಟೆಯನ್ನು ಹಾಗೇ ಇಡುವಂತಿಲ್ಲ. ಇಟ್ಟರೆ ನಾರುತ್ತದೆ, ಅದನ್ನು ತೊಟ್ಟು ನಮಾಜೂ ಆಗದು. ಸಾಹೇಬರು ಗ್ಯಾರೇಜಿನ ತೊಟ್ಟಿಯಲ್ಲಿ ತಣ್ಣೀರು ಬಿಟ್ಟು, ಸೋಡಾಪುಡಿ ಹಾಕಿ, ಜಾಕೆಟ್ಟನ್ನು ತಾವೇ ಒಗೆದರು. ಕಾಲರನ್ನು ಕೊನೆಗೆ ಉಳಿಸಿಕೊಂಡಿದ್ದರು. ಅದನ್ನೂ ಒಗೆದರು. ನೀರು ಮೊದಲು ಕೆಂಪಾಯಿತು, ಆಮೇಲೆ ತಿಳಿಗೆಂಪು, ಆಮೇಲೆ ಬರಿಯ ನೀರು. ಹಿತ್ತಲ ಹಗ್ಗಕ್ಕೆ ಹರವಿ, ಒಣಗಿದ ಮೇಲೆ ಕೋಲಿನಿಂದ ಎತ್ತಿ, ಓಕ್ ಎಲೆಗಳ ಡಬ್ಬದಲ್ಲಿಟ್ಟರು. ಬೇಲಿಯಾಚೆ ಜಯತೀರ್ಥರು ನಿಂತಿದ್ದರು.

ಏಪ್ರಿಲ್‌ನಲ್ಲಿ ಚೆರ್ರಿ ಮರಗಳು ಯಾರನ್ನೂ ಕೇಳದೆ ಮತ್ತೆ ಹೂ ಬಿಟ್ಟವು. ಫಾತಿಹಾಗೆ ಪರಿಚಯದವರೆಲ್ಲ ಬಂದರು. ಅವರಲ್ಲಿ ಅರ್ಧ ಜನ ಆ ವರ್ಷ ಕೆಲಸ ಕಳೆದುಕೊಂಡವರು, ಹಾಗಾಗಿ ವಾರದ ನಡುವಿನ ದಿನವಾದರೂ ಮನೆ ತುಂಬಿತ್ತು. ತಹ್ರೀಮ್ ಎರಡು ದಿನ ಕಾಲೇಜಿಗೆ ಚಕ್ಕರ್ ಹೊಡೆದು ರುಬ್ಬುಕಲ್ಲಿನ ಮುಂದೆ ಕೂತಿದ್ದಳು. ಅಂಗೈ ಬೊಬ್ಬೆ ಎದ್ದಿತ್ತು. ಕಬಾಬಿನ ತಟ್ಟೆ ಒಂದು ಸುತ್ತು ಬರುವುದರೊಳಗೆ ಖಾಲಿಯಾಗಿ ಮತ್ತೆ ತುಂಬಿತು. ಬಾಳೆಕಾಯಿ ಚಿಪ್ಸಿನ ಬಟ್ಟಲು ಹಿಡಿದು ಮೂಲೆಯಲ್ಲಿ ಕೂತಿದ್ದ ಜಯತೀರ್ಥರು, "ಅದನ್ನು ಎಳೆದು ತಂದಾಂವ ನಾನು, ನನ್ನ ಯಾರೂ ಹೊಗಳವೊಲ್ಲರು," ಎಂದು ಗೊಣಗಿ ನಾಲ್ಕು ಜನರನ್ನು ನಗಿಸಿದರು. "ಸೇಮ್ ಟು ಸೇಮ್ ಮೆಹವಿಶ್ ಕೈ," ಎಂದಳು ಒಬ್ಬಾಕೆ. ಇನ್ನೊಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಹ್ರೀಮ್‌ಗೆ ಅವರ ಮಾತು ಬೇಕಾಗಿರಲಿಲ್ಲ. ಅವಳು ಒಂದು ಕಬಾಬನ್ನು ಸಣ್ಣ ತಟ್ಟೆಯಲ್ಲಿಟ್ಟು ತಂದು ತಂದೆಯ ಮುಂದೆ ನೆಲದ ಮೇಲೆ ಕೂತಳು. ಸಾಹೇಬರು ಅರ್ಧ ಮುರಿದು ಬಾಯಿಗಿಟ್ಟುಕೊಂಡರು. ಅಗಿದರು. ಕೋಣೆಯಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು. ಮಂಡಿ ಮೊಹಲ್ಲಾದ ಅತ್ತರಿನ ಸಾಬರ ಮಗನ ಮೂಗನ್ನು ಅರಿಯದವರು ಅಲ್ಲಿ ಯಾರೂ ಇರಲಿಲ್ಲ.

"ಅಬ್ಬಾ, ಸುಳ್ಳು ಹೇಳ್ಬೇಡಿ. ಟೆಲ್ ಮಿ ಹಾನೆಸ್ಟ್ಲಿ. ಅಮ್ಮಿದು ಥರಾನೇ ಇದೆಯಾ?"

ಸಾಹೇಬರು ಉಳಿದರ್ಧವನ್ನೂ ಬಾಯಿಗಿಟ್ಟುಕೊಂಡು, ನಿಧಾನವಾಗಿ ನುಂಗಿ, ಜೇಬಿನಿಂದ ಕರ್ಚೀಫು ತೆಗೆದರು.

"ನೆಗಡಿ ಆಗಿದೆ ಬೇಟಿ," ಎಂದರು. "ನಿನ್ನೆಯಿಂದ ಮೂಗಿಗೆ ಏನೂ ಗೊತ್ತಾಗ್ತಿಲ್ಲ."